ಹುಂಜದ ಉಣ್ಣೆಯಂಗಿ

ಲೋಮಾ ಪಾರ್ದಾ, ಸಮಾಕಾ
ಭಾನುವಾರ, ಆಗಸ್ಟ್ ೧೧

ಪ್ರೀತಿಯ ಮಾರ್ಲೇನಿ ಅಕ್ಕನಿಗೆ,

ಇವತ್ತು ಬೆಳಿಗ್ಗೆ ಹಿತ್ತಲಿನ ತಂತಿಯ ಮೇಲೆ ಅಪ್ಪನ ಎರಡು ಕಾಲುಚೀಲಗಳ ನಡುವೆ ಒಂದು ಪುಟ್ಟ ಕೆಂಪು ಉಣ್ಣೆಯಂಗಿ ನೇತಾಡುತ್ತಿತ್ತು. ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತೋಳಿಲ್ಲ. ಎದೆಯ ಜಾಗದಲ್ಲಿ ಚೌಕನೆಯ ಒಂದು ಕಿಟಕಿ. ಅಂಚಿನಿಂದ ಕಪ್ಪು ನೀರು ತೊಟ್ಟಿಕ್ಕಿ ಕೆಳಗಿನ ಪುದೀನದ ಎಲೆಗಳ ಮೇಲೆ ಬೀಳುತ್ತಿತ್ತು. ಗೊತ್ತಿಲ್ಲದವರು ನೋಡಿದ್ದರೆ ಈ ಮನೆಯಲ್ಲಿ ಕೂಸು ಹುಟ್ಟಿದೆ ಎಂದುಕೊಳ್ಳುತ್ತಿದ್ದರು.

ನೀನು ಹೇಗಿದ್ದೀಯ? ಹೂವಿನ ತೋಟದ ಔಷಧಿಗೆ ಕೈ ಸುಲಿಯುತ್ತದೆ ಎಂದು ಬರೆದಿದ್ದೆ, ಈಗ ವಾಸಿಯೇ? ನಿನ್ನ ಪತ್ರ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಕಾಗದ ತೆಗೆದಾಗಲೆಲ್ಲ ಗಣಿಯ ಮಾತೇ ಪೆನ್ನಿನ ತುದಿಗೆ ಬರುತ್ತಿತ್ತು. ಆ ಮಾತು ನಿನಗೆ ಬೇಡ ಎಂದು ಗೊತ್ತು. ಫೋನಿನಲ್ಲಿ ಯಾರಾದರೂ ಗಣಿ ಅಂದರೆ ಸಾಕು, ಇಟ್ಟುಬಿಡುತ್ತೀಯ. ಇಲ್ಲಿ ಫೋನಿಗೆ ಸಿಗ್ನಲ್ ಸಿಗುವುದೂ ನೀಲಗಿರಿ ಮರಗಳ ದಿಬ್ಬದ ಮೇಲೆ ಮಾತ್ರ. ಅಲ್ಲಿ ನಿಂತು ಮಾತಾಡಿದರೆ ಅರ್ಧ ಊರು ಕಿವಿಗೊಡುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದು.

ಅಮ್ಮನ ಮೊಣಕಾಲು ಹಾಗೇ ಇದೆ. ಹಸು ಈದಿಲ್ಲ. ಆಲೂಗಡ್ಡೆ ಈ ಸಲ ಸಣ್ಣ, ಆದರೆ ಹಿಟ್ಟುಹಿಟ್ಟಾಗಿ ರುಚಿಯಾಗಿವೆ. ಬಸ್ಸಿನವನ ಕೈಲಿ ಒಂದು ಚೀಲ ಕಳಿಸುತ್ತಿದ್ದೇವೆ. ನನ್ನ ಸುದ್ದಿ ಕೇಳುತ್ತೀಯಲ್ಲ: ಸಾಹಿತ್ಯ ಓದಿದ ಹುಡುಗಿಗೆ ತುಂಹಾ ನಗರದಲ್ಲಿ ಇನ್ನೂ ಯಾವ ಶಾಲೆಯೂ ಬಾಗಿಲು ತೆರೆದಿಲ್ಲ. ಬೆಳಿಗ್ಗೆ ಹಸುವಿಗೆ ಹುಲ್ಲು ಹಾಕುತ್ತೇನೆ, ಮಧ್ಯಾಹ್ನ ಅಮ್ಮನ ಜೊತೆ ಬಟಾಣಿ ಸುಲಿಯುತ್ತೇನೆ. ಉಳಿದ ಹೊತ್ತು ಅಪ್ಪನ ಮುಖ ನೋಡುತ್ತೇನೆ.

ಅಪ್ಪನ ಮುಖದ ವಿಷಯ ಹೇಳಬೇಕು. ಎರಡು ವಾರದಿಂದ ಅವರು ಗಣಿಯಿಂದ ಬಂದವರೇ ಮೇಜಿನ ಮೇಲೆ ಮೊಣಕೈ ಊರಿ ತಲೆ ಹಿಡಿದುಕೊಂಡು ಕೂರುತ್ತಾರೆ. ಬೂಟು ಬಿಚ್ಚುವುದಿಲ್ಲ. ಅಮ್ಮ ಬೆಲ್ಲದ ಬಿಸಿನೀರಿಗೆ ನಿಂಬೆ ಹಿಂಡಿ ಕೊಡುತ್ತಾಳೆ, ಅದು ಆರಿ ತಣ್ಣಗಾಗುತ್ತದೆ. ಒಂದು ದಿನ ಲೋಟ ಕೈಯಲ್ಲಿದ್ದ ಹಾಗೇ ನಿದ್ದೆ ಹೋದರು. 'ಸುಸ್ತು ಮಗಳೇ, ಹೊಸ ಮುಖದಲ್ಲಿ ಕಲ್ಲು ಜಾಸ್ತಿ' ಅಂದರು. ಹೊಸ ಮುಖ ಅಂದರೆ ಈಗ ಕಲ್ಲಿದ್ದಲು ಕೆತ್ತುತ್ತಿರುವ ಜಾಗ, ಎಲ್ಲಕ್ಕಿಂತ ಕೆಳಗಿನದು. ಫ್ಯಾನಿನ ಗಾಳಿ ಹೋಗುವ ಬಟ್ಟೆಯ ಕೊಳವೆ ಅಲ್ಲಿಯವರೆಗೆ ಮುಟ್ಟಿಲ್ಲ. ಮುಂದಿನ ತಿಂಗಳು ಮುಟ್ಟಿಸುತ್ತಾರಂತೆ.

ಇನ್ನು ಯಂತ್ರದ ವಿಷಯ. ನೀನು ಊರು ಬಿಟ್ಟ ಮೇಲೆ ಸರ್ಕಾರದವರು ಬಂದು, ಗಾಳಿ ಅಳೆಯುವ ಯಂತ್ರವಿಲ್ಲದೆ ಯಾರೂ ಕೆಳಗಿಳಿಯಕೂಡದು ಎಂದು ಗಣಿಯ ಯಜಮಾನರಿಗೆ ತಾಕೀತು ಮಾಡಿದರು. ಯಜಮಾನರು ಒಂದೇ ಒಂದು ಕೊಂಡರು. ಹಳದಿ ಮೈ, ಎದೆಯಲ್ಲಿ ಅಂಕಿ ತೋರುವ ಪರದೆ, ನೆತ್ತಿಯಲ್ಲಿ ಕೆಂಪು ದೀಪ. ಗಾಳಿ ಕೆಟ್ಟರೆ ದೀಪ ಮಿನುಗಿಸಿ ಕಿರುಚುತ್ತದೆ. ಗಣಿಯವರು ಮೊದಲ ದಿನವೇ ಅದಕ್ಕೆ ಹುಂಜ ಎಂದು ಹೆಸರಿಟ್ಟರು. ಮಾರಿದ ಕಂಪನಿಯವನೊಬ್ಬ ಶಾಲೆಯ ಕೋಣೆಯಲ್ಲಿ ಗೋಡೆಯ ಮೇಲೆ ಚಿತ್ರ ತೋರಿಸಿ, ಎಲ್ಲರಿಗೂ ಒಂದೊಂದು ಟೋಪಿ ಕೊಟ್ಟು, ಮಳೆ ಬರುವ ಮೊದಲೇ ಬೊಗೊತಾಕ್ಕೆ ಹೊರಟುಹೋದ. ಟೋಪಿಗಳು ಮಾತ್ರ ದಿನವೂ ಉಪಯೋಗಕ್ಕೆ ಬರುತ್ತಿವೆ.

ಯಂತ್ರದ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿತ್ತು. ನಮ್ಮ ಭಾಷೆಗೆ ಇಳಿಸಿಕೊಡು ಎಂದು ಯಜಮಾನರು ನನಗೆ ಹೇಳಿಕಳಿಸಿದರು. ಎಷ್ಟು ಶ್ರದ್ಧೆಯಿಂದ ಬರೆದೆ ಗೊತ್ತಾ! ಸಲಕರಣೆ ಕೋಣೆಯ ಗೋಡೆಗೆ ಅಂಟಿಸಿದರು. ಅಪ್ಪನ ಜೊತೆ ಕೆಳಗಿಳಿಯುವ ಅರಿಸ್ತೋಬುಲೋ ಮಾಮ ಟೋಪಿ ತೆಗೆದು ಅದರ ಮುಂದೆ ನಿಂತು ಓದಿದನಂತೆ. 'ಬಹಳ ಚೆನ್ನಾಗಿದೆ ಡಾಕ್ಟರಮ್ಮ, ಕಣ್ಣಲ್ಲಿ ನೀರು ಬಂತು. ಏನು ಹೇಳಿದೀಯ ಅದ್ರಲ್ಲಿ?' ಎಂದು ಕೇಳಿದ. ಕಾಲೇಜು ಮುಗಿಸಿ ಬಂದಾಗಿನಿಂದ ನನ್ನನ್ನು ಹಾಗೇ ಕರೆಯುತ್ತಾನೆ. ನಾನು ಎಂದಿನಂತೆ ನೆಲ ನೋಡಿದೆ.

ಹುಂಜವನ್ನು ಒಯ್ಯುವ ಕೆಲಸ ಅಪ್ಪನಿಗೆ ಬಿತ್ತು. ಅದು ಒಡೆದರೆ ಒಯ್ದವನದೇ ಹೊಣೆ. ಅದಕ್ಕೇ ದಿನವೂ ಸಂಜೆ ಮನೆಗೆ ತಂದು, ಅಡುಗೆಮನೆಯ ಮೂಲೆಯಲ್ಲಿ ಗಣಿಯವರನ್ನು ಕಾಯುವ ಕಾರ್ಮೆನ್ ಮಾತೆಯ ಪಟದ ಕೆಳಗೆ ಚಾರ್ಜಿಗೆ ಇಡುತ್ತಾರೆ. ಮಾತೆಯ ಹಬ್ಬದ ದಿನ ಗಣಿಯ ಬಾಯಲ್ಲಿ ಪಾದ್ರಿಗಳು ದೀಪ, ಗುದ್ದಲಿ, ಹಗ್ಗ ಎಲ್ಲಕ್ಕೂ ತೀರ್ಥ ಚಿಮುಕಿಸಿದರು. ಹುಂಜದ ಮೇಲೆ ನೀರು ಬಿದ್ದದ್ದೇ ತಡ, ಕೂಗಲು ಶುರು. ಅರಿಸ್ತೋಬುಲೋ ಮಾಮ, 'ಸ್ವಾಮಿ, ಇದು ಪ್ರಾಟೆಸ್ಟೆಂಟ್ ಹುಂಜ, ಬಿಟ್ಬಿಡಿ!' ಅಂದ. ಪಾದ್ರಿಗಳೂ ನಕ್ಕುಬಿಟ್ಟರು. ಹೆಂಗಸರು ನಾವು ಎಂದಿನಂತೆ ಗಣಿಯ ಬಾಯಿಗೆ ಅಡ್ಡ ಇಟ್ಟ ಹಲಗೆಯ ಈಚೆಗೇ ನಿಂತು ನಕ್ಕೆವು. ಹಲಗೆ ದಾಟುವ ಹಾಗಿಲ್ಲವಲ್ಲ.

ಮೊದಲ ವಾರ ಅದು ಕೆಳಗೆ ಕೂಗಿದಾಗಲೆಲ್ಲ ಎಲ್ಲರೂ ಮೇಲೆ ಬಂದರು. ಗಾಳಿ ತಿಳಿಯಾಗುವವರೆಗೆ ಹುಲ್ಲಿನ ಮೇಲೆ ಕಾಲು ಚಾಚಿ ಕೂತರು. ಕೂತವರ ಕೂಲಿ ಕೂತೇ ಇರುತ್ತದೆ; ಸಂಬಳ ಮೇಲೆ ಬಂದ ಕಲ್ಲಿದ್ದಲು ಗಾಡಿಯ ಲೆಕ್ಕ ಎಂದು ನಿನಗೆ ಗೊತ್ತು. ಆ ಮೇಲೆ ಅಮ್ಮ ಅದಕ್ಕೆ ಅಂಗಿ ಹೆಣೆದಳು. ಕೆಳಗೆ ಸೂರಿನಿಂದ ನೀರು ತೊಟ್ಟಿಕ್ಕುತ್ತದೆ, ಥಂಡಿಗೆ ಯಂತ್ರ ಕೆಡುತ್ತದೆ ಎಂದು ಅವಳ ವಾದ. ಅಂಗಿ ಹಾಕಿದ ದಿನದಿಂದ ಹುಂಜ ಕೂಗಲಿಲ್ಲ. ಕಿಟಕಿಯಲ್ಲಿ ಯಾವಾಗ ನೋಡಿದರೂ ಸೊನ್ನೆಗಳು, ಅಂದರೆ ವಿಷಗಾಳಿ ಇಲ್ಲ. ಅಮ್ಮನ ಕೈಗುಣ ಎಂದು ಇಡೀ ಗಣಿ ಹೊಗಳಿತು. ಯಾರೋ ಅವಳಿಗೆ ಒಂದು ಕೋಳಿಯನ್ನೂ ಕಳಿಸಿದರು.

ಇವತ್ತು ಬೆಳಿಗ್ಗೆ ಆದದ್ದು ಇಷ್ಟು. ಅಮ್ಮ ಒಲೆಗೆ ಕಲ್ಲಿದ್ದಲು ತುಂಬಿ ಜೋಳದ ರೊಟ್ಟಿ ಬೇಯಿಸುತ್ತಿದ್ದಳು. ಮೂಲೆಯಲ್ಲಿ ಹುಂಜ ಬತ್ತಲೆ ಕೂತಿತ್ತು. ಇದ್ದಕ್ಕಿದ್ದ ಹಾಗೆ ಕಿರುಚಿತು. ಅಮ್ಮ ಎದೆಯ ಮೇಲೆ ಶಿಲುಬೆ ಎಳೆದುಕೊಂಡಳು. ಅಪ್ಪ ಹಿತ್ತಲಿನಿಂದಲೇ, 'ನೋಡಿದ್ರಾ? ರೊಟ್ಟಿ ಬೆಂದ್ರೂ ಕೂಗುತ್ತೆ. ಇದ್ರ ಮಾತು ಕೇಳಿ ನಾವು ಕೆಲಸ ಬಿಟ್ಟು ಓಡ್ಬೇಕಂತೆ' ಅಂದರು.

ನಾನು ಬಾಗಿಲು ತೆರೆದು ಅದನ್ನು ಅಂಗಳಕ್ಕೆ ತಂದೆ. ಸುಮ್ಮನಾಯಿತು. ಆಗ ಹೊಳೆಯಿತು. ಒಲೆ ದಿನವೂ ಅದೇ. ಹೊಗೆ ದಿನವೂ ಅಷ್ಟೇ. ಹುಂಜ ಕೂರುವ ಜಾಗವೂ ಅದೇ. ಇವತ್ತು ಬೇರೆಯಾಗಿರುವುದು ಒಂದೇ: ಅಂಗಿ ತಂತಿಯ ಮೇಲಿದೆ.

ತಂತಿಯಿಂದ ಅದನ್ನು ತೆಗೆದು ಒಳಮೈ ಹೊರಗೆ ಮಾಡಿದೆ. ಅಮ್ಮ ಒಳಗೆ ಹಾಲಿನ ಪ್ಲಾಸ್ಟಿಕ್ ಚೀಲ ಕತ್ತರಿಸಿ ಅಸ್ತರಿ ಹೊಲಿದಿದ್ದಾಳೆ. ಎಷ್ಟು ಸಣ್ಣ ಹೊಲಿಗೆ ಅಕ್ಕಾ, ಚರ್ಚಿನಲ್ಲಿ ನಮ್ಮ ಮೊದಲ ಕಮ್ಯೂನಿಯನ್ನಿನ ಲಂಗಕ್ಕೆ ಹಾಕಿದ ಹಾಗೆ. ಕಿಟಕಿಗೂ ಪಾರದರ್ಶಕ ಪ್ಲಾಸ್ಟಿಕ್ಕು. ನೀರಷ್ಟೇ ಅಲ್ಲ, ಗಾಳಿಯೂ ಒಳಗೆ ಹೋಗಲಾರದು. ಯಂತ್ರ ಉಸಿರೆಳೆಯುವ ತೂತುಗಳು ಸರಿಯಾಗಿ ಆ ಚೀಲದ ಹಿಂದೆ ಬರುತ್ತವೆ.

ಅಂಗಿ ತೊಡಿಸಿ ಒಲೆಯ ಹತ್ತಿರ ಹಿಡಿದೆ. ಸೊನ್ನೆ. ಬಿಚ್ಚಿದೆ. ಕಿರುಚಿತು. ಅಂಗಳಕ್ಕೆ ಹೋಗಿ ಬಂದು ಮತ್ತೆ ತೊಡಿಸಿದೆ, ಮತ್ತೆ ಬಿಚ್ಚಿದೆ. ತಲೆಯೆತ್ತಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದಾರೆ. ಕೈಯಲ್ಲಿ ಅರ್ಧ ರೊಟ್ಟಿ. ಅಗಿಯುವುದನ್ನು ನಿಲ್ಲಿಸಿದ್ದರು.

'ಅಪ್ಪಾ, ಕೆಳಗೂ ಇದು ಅಂಗಿ ಹಾಕ್ಕೊಂಡೇ ಇರುತ್ತಾ?'

'ಮತ್ತೆ? ಬತ್ತಲೆ ಕರ್ಕೊಂಡು ಹೋಗ್ಲಾ?'

'ಒಳಗೆ ಪ್ಲಾಸ್ಟಿಕ್ ಇದೆ. ಸೊನ್ನೆ ಬರ್ತಿರೋದು ಗಣಿ ಗಾಳಿಗಲ್ಲ ಅಪ್ಪಾ, ಚೀಲದೊಳಗಿನ ಗಾಳಿಗೆ.'

ಅಮ್ಮ ರೊಟ್ಟಿ ತಿರುಗಿಸಲು ಬೆನ್ನು ಹಾಕಿದ್ದಳು. ಅಪ್ಪ ನನ್ನ ತೋಳು ಹಿಡಿದು ಹಿತ್ತಲಿಗೆ ಕರೆತಂದರು. 'ಮೆತ್ತಗೆ ಮಾತಾಡು. ಅವಳಿಗೆ ಕೇಳಿಸ್ಬಾರ್ದು.'

'ನಿಮಗೆ ಗೊತ್ತಿತ್ತಾ?'

ಅವರು ಕಾಲುಚೀಲ ಒಣಗಿದೆಯೇ ಎಂದು ಮುಟ್ಟಿ ನೋಡಿದರು. 'ಗೊತ್ತಿಲ್ಲ ಅಂತ ಇಟ್ಕೊಂಡಿದ್ದೆ' ಅಂದರು.

ಅಕ್ಕಾ, ನಾನು ಏನು ಹೇಳಲಿ? ಕೋಪ ಬರಬೇಕಿತ್ತು. ಬರಲಿಲ್ಲ. ಆ ತಲೆನೋವಿನ ಸಂಜೆಗಳೆಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದು, ಅಂಗಳದ ಕಲ್ಲಿನ ಮೇಲೆ ಕೂತುಬಿಟ್ಟೆ.

ಅಷ್ಟರಲ್ಲಿ ಅರಿಸ್ತೋಬುಲೋ ಮಾಮ ಬಂದ, ಅಪ್ಪನನ್ನು ತೇಹೋ ಆಟಕ್ಕೆ ಕರೆದೊಯ್ಯಲು. ಭಾನುವಾರದ ಬಿಳಿ ಅಂಗಿ, ಭುಜದ ಮೇಲೆ ರುವಾನಾ ಕಂಬಳಿ, ಆಟದ ಲೋಹದ ಬಿಲ್ಲೆ ಕಂಕುಳಲ್ಲಿ. ನಮ್ಮಿಬ್ಬರ ಮುಖ ನೋಡಿ, 'ಯಾರಾದ್ರೂ ಸತ್ರಾ, ಇಲ್ಲ ಚರ್ಚಿನ ಪೂಜೆ ತಪ್ಪಿಸ್ಕೊಂಡ್ರಾ?' ಅಂದ. ಅಪ್ಪ ನನ್ನ ಕಡೆ ಗದ್ದ ತೋರಿಸಿದರು. ನಾನು ತೊದಲುತ್ತ ಹೇಳಿದೆ. ನನ್ನ ದನಿ ನಿನಗೆ ಗೊತ್ತಲ್ಲ, ನಾಲ್ಕು ಜನರ ಮುಂದೆ ಗಂಟಲೊಳಗೇ ಉಳಿಯುತ್ತದೆ.

ಅವನು ಪೂರ್ತಿ ಕೇಳಿಸಿಕೊಂಡ. 'ನೋಡು ಡಾಕ್ಟರಮ್ಮ, ಹುಂಜ ಕೂಗಿದ್ರೆ ನಾವು ಹೊರಗೆ. ನಾವು ಹೊರಗಿದ್ರೆ ಗಾಡಿ ಇಲ್ಲ. ಗಾಡಿ ಇಲ್ಲ ಅಂದ್ರೆ ನಮ್ಮನೇಲಿ ಹೆಂಡ್ತಿ ಕೂಗ್ತಾಳೆ. ಅವಳಿಗೆ ಅಂಗಿ ಹೊಲಿಯೋರು ಈ ಊರಲ್ಲಿ ಯಾರೂ ಇಲ್ಲ!'

ಅಪ್ಪ ನಗಲಿಲ್ಲ. ನಾನೂ ನಗಲಿಲ್ಲ.

'ಮಾಮ, ನಿಮಗೆ ತಲೆ ನೋಯಲ್ವಾ?'

'ನೋಯುತ್ತೆ. ಇಬ್ಬರು ಹುಡುಗರು ಮೊನ್ನೆ ವಾಂತಿ ಮಾಡ್ಕೊಂಡ್ರು. ಏನೀಗ? ಕೊಳವೆ ಬರೋವರೆಗೆ ತಡ್ಕೊಳ್ಳೋದು. ಯಜಮಾನರು ಹೇಳಿಯಾಗಿದೆ, ದಿನಾ ಹೀಗೆ ನಿಲ್ಸಿದ್ರೆ ಆ ಮುಖಾನೇ ಮುಚ್ತೀನಿ ಅಂತ. ಮೊದಲ ವಾರ ನಿಮ್ಮಪ್ಪನ ಜೊತೆ ಯಾರೂ ಮಾತಾಡ್ಲಿಲ್ಲ, ಹೇಳಿದಾರಾ ಅವರು? ಊಟಕ್ಕೆ ಕೂತ್ರೆ ಪಕ್ಕದಿಂದ ಎದ್ದು ಹೋಗ್ತಿದ್ರು. ಹುಂಜ ಹೊತ್ಕೊಂಡು ನಮ್ಮ ಹೊಟ್ಟೆ ಮೇಲೆ ಹೊಡೀತಾನೆ ಅಂತ.'

ಇದು ನನಗೆ ಗೊತ್ತಿರಲಿಲ್ಲ.

'ಹಾಗಾದ್ರೆ ನಾನು ಇನ್‌ಸ್ಪೆಕ್ಟರಿಗೆ ಬರೀತೀನಿ' ಅಂದೆ. ಹೇಗೆ ಬಾಯಿಂದ ಬಂತೋ ಕಾಣೆ.

ಅವನ ಮುಖದ ತಮಾಷೆ ಇಳಿಯಿತು. 'ಬರಿ. ಚೆನ್ನಾಗಿ ಬರೀತೀಯ. ಅವರು ಬಂದು ಬೀಗ ಹಾಕ್ತಾರೆ. ಬೀಗ ಬಿದ್ಮೇಲೆ ನಾವು ಏನು ಹೂವು ಕಟ್ತೀವಾ? ಆಚೆ ಗುಡ್ಡದ ಬಿಲಗಳಿಗೆ ಹೋಗ್ತೀವಿ. ಅಲ್ಲಿ ಹುಂಜಾನೂ ಇಲ್ಲ, ಫ್ಯಾನೂ ಇಲ್ಲ, ಹೆಸರು ಬರ್ಕೊಳ್ಳೋರೂ ಇಲ್ಲ. ಹಿಂದೊಂದ್ಸಲ ಬೀಗ ಬಿದ್ದಾಗ ಎಲ್ಕಿನ್ ಹೋದ್ನಲ್ಲ, ಅಲ್ಲಿಗೇ.'

ನಿನ್ನ ಗಂಡನ ಹೆಸರು ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಹೇಳಿ ಎಷ್ಟು ಕಾಲವಾಯಿತು! ಒಳಗೆ ಅಮ್ಮನ ಕೈಯಿಂದ ಸೌಟು ಬಿದ್ದ ಸದ್ದಾಯಿತು. ಅರಿಸ್ತೋಬುಲೋ ಮಾಮ ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ನಿಂತ. ನಿನಗೆ ನೋವಾದರೆ ಕ್ಷಮಿಸು. ಅವನು ಹೇಳಿದ್ದು ಸುಳ್ಳಲ್ಲ ಎಂಬುದೇ ನನ್ನನ್ನು ಇವತ್ತು ಇಡೀ ದಿನ ತಿನ್ನುತ್ತಿದೆ. ಬೀಗ ಬಿದ್ದದ್ದಕ್ಕೇ ಎಲ್ಕಿನ್ ಆ ಬಿಲಕ್ಕೆ ಇಳಿದದ್ದು, ಜೀವಂತ ಮೇಲೆ ಬಾರದೇ ಹೋದದ್ದು. ಬೀಗ ಬೀಳದಿದ್ದರೆ ಅಪ್ಪ ನಾಳೆ ಈ ಸೊನ್ನೆಗಳ ಜೊತೆ ಇಳಿಯುತ್ತಾರೆ.

ಕೊನೆಗೆ ನಾನು ಕೇಳಿದೆ, 'ಯಂತ್ರಾನ ಎಲ್ಲಿ ನೇತುಹಾಕ್ಬೇಕು, ಹೇಗೆ ನೋಡ್ಬೇಕು ಅಂತ ನಾನೇ ಬಂದು ತೋರಿಸ್ಲಾ?'

ಮಾಮನಿಗೆ ಜೀವ ಬಂತು. 'ನೀನಾ? ಕೆಳಗೆ? ಹೆಂಗಸು ಒಳಗೆ ಕಾಲಿಟ್ರೆ ಕಲ್ಲಿದ್ದಲು ನಾಚ್ಕೊಂಡು ಬೆಟ್ಟದೊಳಗೆ ಓಡ್ಹೋಗುತ್ತೆ ಮಗಳೇ! ನೀನು ಮೊದಲ್ನೇ ಗಾಡೀಲಿ ಇಳಿದ್ರೆ ನಾವೆಲ್ಲ ಎರಡ್ನೇ ಗಾಡೀಲಿ ಹೊರಗೆ ಬಂದ್ಬಿಡ್ತೀವಿ. ಒಬ್ಬನೂ ನಿಲ್ಲಲ್ಲ.'

'ಸಾಕು, ಹೊತ್ತಾಯ್ತು' ಎಂದು ಅಪ್ಪ ರುವಾನಾ ಹೊದ್ದುಕೊಂಡರು. ಗೇಟಿನ ಹತ್ತಿರ ಹೋದವರು ತಿರುಗಿ ಬಂದು, ನನ್ನ ತಲೆಯ ಮೇಲೆ ಕೈಯಿಟ್ಟು, 'ಒಣಗಿದ್ಮೇಲೆ ಅದಕ್ಕೆ ಅಂಗಿ ಹಾಕಿಡು' ಅಂದರು. ಕೇಳಿಕೊಳ್ಳುವ ದನಿ ಅದು, ಅಪ್ಪಣೆಯದಲ್ಲ.  ಉತ್ತರಕ್ಕೆ ಕಾಯದೆ ಹೊರಟರು.

ದೂರದಲ್ಲಿ ಆಟದ ಅಂಗಳದಿಂದ ಬಿಲ್ಲೆ ತಗುಲಿ ಮದ್ದಿನ ಪೊಟ್ಟಣ ಸಿಡಿಯುವ ಸದ್ದು ಈಗಲೂ ಬರುತ್ತಿದೆ. ಪ್ರತಿಸಲ ಸಿಡಿದಾಗಲೂ ಗಂಡಸರು ಹೋ ಎನ್ನುತ್ತಾರೆ. ಪ್ರತಿಸಲವೂ ನನ್ನ ಪೆನ್ನು ನಿಲ್ಲುತ್ತದೆ.

ಅಮ್ಮ ನಿನಗೆ ಆಶೀರ್ವಾದ ಬರೆಯಲು ಹೇಳಿದಳು. ಕೈಗೆ ಹಸುವಿನ ಕೆನೆ ಹಚ್ಚಿಕೊಳ್ಳಬೇಕಂತೆ, ಅಂಗಡಿಯ ಮುಲಾಮು ಬೇಡವಂತೆ. ಕಾರ್ಮೆನ್ ಮಾತೆ ನಿನ್ನ ಹಾಸಿಗೆಯ ತಲೆದೆಸೆಯಲ್ಲಿ ಕೂತಿರಲಿ. ಚಿಕ್ಕವಳು ನಾನು, ಹರಸಲಾರೆ. ನೀನೇ ನನ್ನನ್ನು ಹರಸು, ನಾಳೆಗೆ ಬೇಕು.

ನಿನ್ನ ತಂಗಿ,
ನಿದಿಯಾ

ಮತ್ತೆ ಬರೆದದ್ದು: ಚೀಲದಲ್ಲಿ ಆಲೂಗಡ್ಡೆಯ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಕೆಂಪು ಉಣ್ಣೆಯ ಉಂಡೆ ಇದೆ. ನೋಡಿದ ಕೂಡಲೇ ನಿನಗೆ ಗುರುತು ಸಿಗುತ್ತದೆ. ಮದುವೆಯಾದ ವರ್ಷ ನೀನೇ ಎಲ್ಕಿನ್‌ಗೆ ಹೆಣೆದ ಸ್ವೆಟರ್‌ನದು.

ಗಂಡಸರು ಹೋದ ಮೇಲೆ ಅಮ್ಮ ಹೇಳಿದಳು. ಅಂಗಿ ಥಂಡಿಗಲ್ಲವಂತೆ. ಮೊದಲ ವಾರ ಒಂದು ಸಂಜೆ ಅಪ್ಪ ಊಟ ಮುಟ್ಟದೆ ಕೂತು, 'ಅದು ಕೂಗೋದು ಅವತ್ತು ಬಿಲದ ಬಾಯಲ್ಲಿ ಮಾರ್ಲೇನಿ ಕೂಗಿದ ಹಾಗೇ ಇದೆ ಕಣೇ. ಏನಾದ್ರೂ ಹೊದಿಸು ಅದಕ್ಕೆ' ಅಂದರಂತೆ. ತಾವೇ ಪೆಟ್ಟಿಗೆ ತೆರೆದು ಆ ಸ್ವೆಟರ್ ತಂದುಕೊಟ್ಟರಂತೆ. ಅವತ್ತು ನಿನ್ನನ್ನು ಒಳಗೆ ಓಡಲು ಬಿಡದೆ ತಬ್ಬಿ ಹಿಡಿದದ್ದು ಅಪ್ಪನೇ ಅಲ್ಲವೇ? ನಿನ್ನ ಕೂಗು ಅವರ ಕಿವಿಯ ಪಕ್ಕದಲ್ಲೇ ಇತ್ತು. ಗಾಡಿಯ ಲೆಕ್ಕ, ಯಜಮಾನರ ಬೆದರಿಕೆ, ಜೊತೆಯವರ ಮುನಿಸು ಎಲ್ಲವೂ ನಿಜ. ಆದರೆ ಅವಕ್ಕೆ ಪ್ಲಾಸ್ಟಿಕ್ ಚೀಲ ಸಾಕಿತ್ತು, ಈ ಉಣ್ಣೆ ಬೇಕಿರಲಿಲ್ಲ. ಅರಿಸ್ತೋಬುಲೋ ಮಾಮನಿಗೆ ಇದು ಗೊತ್ತಿಲ್ಲ. ನಿನಗೆ ಹೇಳಬಾರದಿತ್ತೇನೋ. ಆದರೆ ನೀನು ಅಪ್ಪನ ಜೊತೆ ಮಾತು ಬಿಟ್ಟಿದ್ದೀಯ, ಅವತ್ತು ಹಿಡಿದುಕೊಂಡದ್ದಕ್ಕೆ. ಅದಕ್ಕೇ ಹೇಳಿದೆ.

ಅಂಗಿಯನ್ನು ನಾನು ಬಿಚ್ಚಿದೆ, ಒಂದೊಂದೇ ಸಾಲು. ಅಮ್ಮ ತಡೆಯಲಿಲ್ಲ. ಸ್ವಲ್ಪ ಹೊತ್ತು ನೋಡಿ, ಬಂದು ಎದುರಿಗೆ ಕೂತು, ದಾರ ಸುತ್ತಲು ಎರಡೂ ಕೈ ಚಾಚಿದಳು. ಕೊನೆಯ ಎಳೆ ಮುಗಿದಾಗ ಒಂದೇ ಮಾತು ಕೇಳಿದಳು: 'ನಾಳೆ ಅವರು ಅದ್ರ ಮೇಲೆ ಟೋಪಿ ಮುಚ್ಚಿದ್ರೆ?'

ಮುಚ್ಚುತ್ತಾರೆ, ಒಬ್ಬರೇ ಇದ್ದರೆ. ಅದಕ್ಕೇ ನಾಳೆ ಬೆಳಿಗ್ಗೆ, ಈ ಪತ್ರ ಹೊತ್ತ ಬಸ್ಸು ಹೊರಡುವ ಮೊದಲೇ, ನಾನು ಹಲಗೆ ದಾಟಿ ಮೊದಲನೇ ಗಾಡಿಯಲ್ಲಿ ಹುಂಜವನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತೇನೆ. ಹೆಂಗಸು ಬಂದಳೆಂದು ಎಲ್ಲರೂ ಹೊರಗೆ ಬಂದರೆ ಬರಲಿ, ಹೊರಗೆ ಗಾಳಿ ಚೆನ್ನಾಗಿದೆ. ಕೊಳವೆ ಕೆಳಗೆ ಮುಟ್ಟುವವರೆಗೂ ದಿನವೂ ಕೂರುತ್ತೇನೆ. ಅಪ್ಪ ಒಬ್ಬರೇ ನನ್ನ ಜೊತೆ ಇಳಿದರೂ ಸರಿ. ಅದು ಕೂಗಿದರೆ, ಪಕ್ಕದಲ್ಲಿ ಮಗಳನ್ನಿಟ್ಟುಕೊಂಡು ಅವರು ಗೊತ್ತಿಲ್ಲ ಅಂತ ಇಟ್ಟುಕೊಳ್ಳಲಾರರು. ಇದನ್ನು ಅವರಿಗಾಗಲಿ ಅಮ್ಮನಿಗಾಗಲಿ ಹೇಳಿಲ್ಲ.

ಅಪ್ಪನ ಹಳೆಯ ಬೂಟುಗಳನ್ನು ತೆಗೆದಿಟ್ಟಿದ್ದೇನೆ. ನನಗೆ ತುಂಬಾ ದೊಡ್ಡವು. ಯಂತ್ರದ ಬಗ್ಗೆ ನಾನು ಅಷ್ಟು ಚೆಂದವಾಗಿ ಬರೆದಿದ್ದೆನಲ್ಲ, ಅದರ ಕರಡು ಹಾಳೆಗಳು ನನ್ನ ಬಳಿಯೇ ಇದ್ದವು. ಅವನ್ನು ಮುದುರಿ ಬೂಟಿನ ಮುಂಭಾಗಕ್ಕೆ ತುರುಕಿ ನೋಡಿದೆ. ಈಗ ಕಾಲಿಗೆ ಸರಿಯಾಗಿ ಕೂರುತ್ತವೆ.